ನಾಲೆಯ ಮೇಲೆ ಬೀಗರು, ಕೆಳಗೆ ಅಧ್ಯಕ್ಷರು

ನನ್ನ ಹತ್ತಿರ ಆಪ್ತ ಸಮಾಲೋಚನೆಗೆ ಬಂದ ಒಬ್ಬರ ಕಥೆ ಇದು. ಹೆಸರು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಇಲ್ಲಿ ಅಧ್ಯಕ್ಷರು ಅಂತಲೇ ಕರೆಯೋಣ, ಊರಲ್ಲೂ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ.

ಭದ್ರಾ ನಾಲೆಯ ಕೊನೆ ಭಾಗದಲ್ಲಿ ಗದ್ದೆ ಇರುವುದು ಅಂದರೆ ಏನು ಅಂತ ದಾವಣಗೆರೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಡ್ಯಾಂ ಪೂರ್ತಿ 186 ಅಡಿ ತುಂಬಿದರೂ ಇವರಿಗೆ ಸಮಾಧಾನ ಇಲ್ಲ. ನೀರು ಬಿಟ್ಟ ಸುದ್ದಿ ಪೇಪರಿಗೆ ಬೇಗ ಬರುತ್ತದೆ, ನೀರು ಗದ್ದೆಗೆ ಬರುವುದು ಯಾವಾಗಲೋ. ನಡುವೆ ಅಡಿಕೆ ತೋಟಗಳಿವೆ, ನಾಲೆಗೆ ಪೈಪು ಇಳಿಸಿದ ಪಂಪ್‌ಸೆಟ್‌ಗಳಿವೆ. ಇವರು ಅಂಥ ಕೊನೆ ಭಾಗದ ನೀರು ಬಳಕೆದಾರರ ಸಂಘಕ್ಕೆ ಅಧ್ಯಕ್ಷರು. ರಸ್ತೆ ತಡೆ ಇದ್ದರೆ ಮುಂದೆ ಕೂರುವವರು, ಇಂಜಿನಿಯರ್ ಎದುರು ಗಟ್ಟಿಯಾಗಿ ಮಾತಾಡುವವರು.

ಕರೆದುಕೊಂಡು ಬಂದದ್ದು ಅವರ ಹೆಂಡತಿ. ನಿದ್ದೆ ಇಲ್ಲ, ಹೊಟ್ಟೆ ಉರಿ, ಫೋನ್ ಬಂದರೆ ಬೆಚ್ಚಿ ಬೀಳುತ್ತಾರೆ, ರಾತ್ರಿ ‘ಸ್ವಲ್ಪ’ ತಗೊಳ್ಳೋದು ಶುರುವಾಗಿದೆ. ಡಾಕ್ಟರು ಹೊಟ್ಟೆಯದ್ದೆಲ್ಲ ಪರೀಕ್ಷೆ ಮಾಡಿ, ಏನೂ ಇಲ್ಲ, ಯೋಚನೆ ಜಾಸ್ತಿ ಅಂತ ನನ್ನ ಹತ್ತಿರ ಕಳಿಸಿದ್ದರು.

ಮೊದಲು ಅವರು ನೀರಾವರಿ ಇಲಾಖೆಯನ್ನು ಬೈದರು, ನಾಲೆಯಿಂದ ಗದ್ದೆಗಳಿಗೆ ನೀರು ಹಂಚುವ ಸೌಡಿಗಳ ಕಷ್ಟ ಹೇಳಿದರು, ಭತ್ತದ ರೇಟಿಗೆ ಬಂದರು. ನಾನು ಸುಮ್ನೆ ಕೇಳುತ್ತಿದ್ದೆ. ಕೊನೆಗೆ ಹೆಂಡತಿಯೇ, "ಅದನ್ನ ಹೇಳ್ರಿ ಮೊದ್ಲು" ಅಂದರು. ಅವರು ಅಂಗಿ ಜೇಬಿನಿಂದ ಒಂದು ಹಾಳೆ ತೆಗೆದರು. ಮಡಚಿ ಮಡಚಿ ಅಂಚು ಹರಿದಿತ್ತು, ಬೆವರಿಗೆ ಇಂಕು ಹರಡಿತ್ತು. ನಾಲೆಯ ಮೇಲ್ಭಾಗದಲ್ಲಿ ಅಕ್ರಮವಾಗಿ ಪಂಪ್‌ಸೆಟ್ ಇಟ್ಟವರ ಪಟ್ಟಿ ಅದು. ಸಂಘದವರೇ ಓಡಾಡಿ ಬರೆದದ್ದು. ಇಲಾಖೆಗೆ ಕೊಡಬೇಕು, ಅಧ್ಯಕ್ಷರ ಸಹಿ ಒಂದೇ ಬಾಕಿ. ಎಲ್ಲ ಸಾಲಿನಲ್ಲೂ ಹೆಸರು, ತಂದೆ ಹೆಸರು, ಮೋಟಾರಿನ ಎಚ್‌ಪಿ ಇದೆ. ಒಂದು ಸಾಲಿನಲ್ಲಿ ಮಾತ್ರ ಬರೀ ‘ತೋಟದ ಮನೆ’ ಅಂತಿದೆ.

ಆ ತೋಟದ ಮನೆ ಅವರ ಬೀಗರದ್ದು. ಮಗಳನ್ನು ಕೊಟ್ಟ ಮನೆ.

ಸಹಿ ಹಾಕಿದರೆ ಮಗಳ ಬಾಳು ಏನಾಗುತ್ತೋ ಅನ್ನುವ ಭಯ, ಹಾಕದಿದ್ದರೆ ಊರಿಗೆ ದ್ರೋಹ. ಹೀಗಾಗಿ ಪಟ್ಟಿಯಲ್ಲಿದ್ದ ಉಳಿದವರ ಮೇಲೂ ಏನೂ ಮಾಡದೆ, ಸಭೆಯನ್ನೇ ಮುಂದೆ ಹಾಕುತ್ತಾ, "ಇಂಜಿನಿಯರ್ ರಜದ ಮೇಲಿದ್ದಾರೆ" ಅಂತ ಇಲ್ಲದ ಕಾರಣ ಹೇಳುತ್ತಾ ದಿನ ತಳ್ಳಿದ್ದರು. ಆ ಸುಳ್ಳೇ ಅವರನ್ನು ಜಾಸ್ತಿ ತಿಂದಿತ್ತು. ಜೀವಮಾನದಲ್ಲಿ ಯಾರ ಹಂಗಿಗೂ ಬೀಳದ ಮನುಷ್ಯ ಅವರು.

ನಾನು ಕೇಳಿದೆ: "ಈ ಹೆಸರು ಬಿಟ್ಟವರು ಯಾರು?" ಕಾರ್ಯದರ್ಶಿ, ಅಂದರು. "ಅಂದ್ರೆ ಅವರಿಗೆ ಗೊತ್ತು. ನಿಮ್ಮ ಮರ್ಯಾದೆ ಉಳಿಸೋಕೆ ಬಿಟ್ಟಿದ್ದಾರೆ. ಅವರಿಗೆ ಗೊತ್ತಿದ್ದದ್ದು ಊರಿಗೆ ಗೊತ್ತಿಲ್ವಾ?" ಅವರು ತುಂಬ ಹೊತ್ತು ಮಾತಾಡಲಿಲ್ಲ. ಹೆಂಡತಿ ಮಾತ್ರ, "ಡೈರಿ ಹತ್ರ ಹಾಲು ಹಾಕೋಕೆ ಹೋದಾಗ ಹೆಂಗಸರು ಮಾತು ನಿಲ್ಲಿಸ್ತಾರೆ ಮೇಡಂ" ಅಂದರು.

ಸಾಯುವ ಯೋಚನೆ ಬರುತ್ತದಾ ಅಂತಲೂ ನೇರವಾಗಿ ಕೇಳಿದೆ. ಇದನ್ನು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಕೆಲವರು ಹೆದರುತ್ತಾರೆ, ಹಾಗಾಗುವುದಿಲ್ಲ. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ. ರಾತ್ರಿಯ ‘ಸ್ವಲ್ಪ’ ನಿದ್ದೆಯನ್ನು ಇನ್ನಷ್ಟು ಕೆಡಿಸುತ್ತದೆ ಅಂದೆ. ನೀರಿನ ಸರದಿ ಇಲ್ಲದ ರಾತ್ರಿ ಫೋನ್ ಮಗನ ಕೈಗೆ ಕೊಟ್ಟು ಮಲಗಿ ಅಂದೆ.

ಆಮೇಲೆ ಮುಖ್ಯ ವಿಷಯ. ಮಗಳ ಬಾಳು ಅಂತ ಇಷ್ಟು ಒದ್ದಾಡುವವರು ಮಗಳನ್ನು ಒಂದು ಮಾತು ಕೇಳಿದ್ದೀರಾ ಅಂದೆ. ಕೇಳಿರಲಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳ ಹೆಸರಿನಲ್ಲಿ ಎಷ್ಟೋ ತೀರ್ಮಾನ ಆಗುತ್ತದೆ, ಅವರನ್ನು ಕೇಳುವುದು ಮಾತ್ರ ಕೊನೆಗೆ. ಮೊದಲು ಅವಳ ಜತೆ ಮಾತಾಡಿ, ಅವಳಿಗೆ ನಿಜವಾಗಿಯೂ ತೊಂದರೆ ಆಗುವಂತಿದ್ದರೆ ಅದನ್ನು ಬೇರೆಯಾಗಿ ನೋಡೋಣ. ಆಮೇಲೆ ಬೀಗರ ಮನೆಗೆ ನೀವೇ ಹೋಗಿ, ಫೋನಲ್ಲಿ ಬೇಡ, ಸಭೆಗೆ ಮುಂಚೆ ಹೋಗಿ. ನಿಮ್ಮ ಹೆಸರು ಪಟ್ಟಿಯಲ್ಲಿದೆ, ನಾನು ತೆಗೆಸಲ್ಲ ಅಂತ ಹೇಳಿ. ಪಂಪ್ ಎತ್ತಿ ಅಂತ ಬೇಡಿಕೊಳ್ಳಬೇಡಿ, ಹೆದರಿಸಲೂ ಬೇಡಿ. ಕಾನೂನು ಅವರಿಗೂ ಗೊತ್ತಿರುತ್ತದೆ, 1965ರ ನೀರಾವರಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ತಂದು ಬಿಗಿ ಮಾಡಿದ್ದು ಆ ಭಾಗದಲ್ಲಿ ಚರ್ಚೆಯಾದ ವಿಷಯವೇ. ಕೊನೆಗೆ ಸಭೆ: ಸಂಬಂಧ ಇದೆ ಅಂತ ನೀವಾಗಿಯೇ ಹೇಳಿ, ಪೂರ್ತಿ ಹೆಸರು ಬರೆಸಿ, ಆ ದಿನದ ಕುರ್ಚಿಯನ್ನು ಉಪಾಧ್ಯಕ್ಷರಿಗೆ ಬಿಟ್ಟು ನೀವು ಸದಸ್ಯರ ಜತೆ ಕೂತುಕೊಳ್ಳಿ, ಅವರ ಸಹಿಯಲ್ಲೇ ಪಟ್ಟಿ ಹೋಗಲಿ.

ಇದು ತಪ್ಪಿಸಿಕೊಂಡ ಹಾಗಲ್ವಾ ಅಂತ ಅವರಿಗೆ ಅನುಮಾನ. ಗುಟ್ಟಾಗಿ ಬದಿಗೆ ಸರಿದರೆ ಹೌದು, ಎಲ್ಲರೆದುರು ಕಾರಣ ಹೇಳಿ ಸರಿದರೆ ಅಲ್ಲ ಅಂದೆ. ನಾಯಕ ಅಂದರೆ ಎಲ್ಲ ಸಹಿ ತನ್ನದೇ ಇರಬೇಕು ಅಂತ ಅವರು ನಂಬಿದ್ದರು. ಆ ನಂಬಿಕೆ ಸಡಿಲಾಗೋಕೆ ಸ್ವಲ್ಪ ಟೈಮ್ ಹಿಡಿಯಿತು.

ಮಗಳು ಹೇಳಿದ್ದನ್ನು ಆಮೇಲೆ ಅಧ್ಯಕ್ಷರ ಬಾಯಲ್ಲೇ ಕೇಳಿದೆ: "ಅಪ್ಪಾಜಿ, ನೀವು ಸುಮ್ಮನಿರೋದಕ್ಕೇ ಇಲ್ಲಿ ನನ್ನ ಆಡ್ಕೊಳ್ತಾರೆ, ನಿಮ್ಮಪ್ಪನ ಹೋರಾಟ ಎಲ್ಲ ಬೇರೆಯವರ ಮೇಲೆ ಅಂತ."

ಸಭೆ ಆಯಿತು, ಪಟ್ಟಿ ಹೋಯಿತು. ಬೀಗರು ಮುನಿಸಿಕೊಂಡಿದ್ದಾರೆ, ಹಬ್ಬಕ್ಕೆ ಕರೆದರೂ ಬರಲಿಲ್ಲ. ಅಳಿಯ ಮಾತ್ರ ಮಗಳನ್ನು ಬೈಕಿನಲ್ಲಿ ಕರೆತಂದು ಊಟ ಮಾಡಿ ಹೋದನಂತೆ. ಪಂಪ್‌ಸೆಟ್ ಹಗಲು ಕಾಣುತ್ತಿಲ್ಲ, ರಾತ್ರಿಯ ಕಥೆ ಯಾರಿಗೆ ಗೊತ್ತು. ಅಧ್ಯಕ್ಷರಿಗೆ ನಿದ್ದೆ ಬರುತ್ತಿದೆ. ಕುಡಿತ ಪೂರ್ತಿ ನಿಂತಿಲ್ಲ, ಅದಕ್ಕಾಗಿ ಇನ್ನೂ ಬರುತ್ತಿದ್ದಾರೆ.