ಮೂರು ಟ್ರೇ ಸಾಕಾ, ಮಷೀನ್ ಬೇಕಾ?

ಈ ಸಲ ಬಂದ ಪತ್ರಗಳನ್ನೆಲ್ಲ ಹರಡಿಕೊಂಡು ಕೂತರೆ ಅರ್ಧಕ್ಕರ್ಧ ಒಂದೇ ವಿಷಯ. ಮನೆಯಲ್ಲೇ ಕಪ್ಪು-ಬಿಳುಪು ಪ್ರಿಂಟ್ ಹಾಕಬೇಕು, ಏನೇನು ಕೊಳ್ಳಲಿ? ನೆಗೆಟಿವ್‌ನ ಚಿತ್ರವನ್ನು ಪೇಪರ್ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಹೇಗೋ ಎಲ್ಲರಿಗೂ ಸಿಕ್ಕಿಬಿಟ್ಟಿದೆ. ತಲೆನೋವು ಶುರುವಾಗುವುದು ಅದರಾಚೆ, ಒದ್ದೆ ಕೆಲಸದಲ್ಲಿ: ಬೆಳಕು ಬಿದ್ದ ಪೇಪರನ್ನು ಚಿತ್ರ ಮೂಡಿಸುವ ಡೆವಲಪರ್, ಅದನ್ನು ನಿಲ್ಲಿಸುವ ಸ್ಟಾಪ್ ಬಾತ್, ಚಿತ್ರವನ್ನು ಉಳಿಸುವ ಫಿಕ್ಸರ್, ಹೀಗೆ ಮೂರು ದ್ರಾವಣಗಳಲ್ಲಿ ಅದ್ದುವುದರಲ್ಲಿ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ.

ಪ್ರಶ್ನೆ: ಸರ್, ನನ್ನ ಡಾರ್ಕ್‌ರೂಮ್ ಅಂದರೆ ನಮ್ಮ ಮನೆಯ ಬಾತ್‌ರೂಮೇ. ಮೂರು ಟ್ರೇ ಸಾಲಾಗಿ ಇಡಲು ಜಾಗವಿಲ್ಲ. ಒಬ್ಬ ಗೆಳೆಯರು ಸ್ಲಾಟ್ ಪ್ರೊಸೆಸರ್ ತಗೊಳ್ಳಿ ಅಂತಾರೆ, ಇನ್ನೊಬ್ಬರು ಡ್ರಮ್ ಸಾಕು ಅಂತಾರೆ. 8x10 ಇಂಚಿಗಿಂತ ದೊಡ್ಡ ಪ್ರಿಂಟ್ ಹಾಕುವ ಆಸೆ ಸದ್ಯಕ್ಕಿಲ್ಲ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಬೇಡ, ಟ್ರೇ ತಗೊಳ್ಳಿ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಗೆಳೆಯರು ಸುಮ್ನೆ ಏನೋ ಹೇಳಿದ್ದಲ್ಲ, ಅವರ ಮಾತಲ್ಲೂ ಹುರುಳಿದೆ.

ಮೊದಲು ಡ್ರಮ್ ನೋಡೋಣ. ಪೇಪರನ್ನು ಕತ್ತಲಲ್ಲಿ ಅದರೊಳಗೆ ಸುತ್ತಿ ಮುಚ್ಚಳ ಹಾಕಿದರೆ ಆಯ್ತು, ಮುಂದಿನದನ್ನೆಲ್ಲ ಲೈಟ್ ಹಾಕಿಕೊಂಡೇ ಮಾಡಬಹುದು. 8x10ರ ಒಂದು ಹಾಳೆಗೆ ಸುಮಾರು 100 ಮಿಲಿ ಡೆವಲಪರ್ ಸಾಕು. ಕಲರ್ ಪ್ರಿಂಟ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ, ಯಾಕೆಂದರೆ ಆ ಪೇಪರ್‌ಗೆ ಹೆಚ್ಚುಕಮ್ಮಿ ಪೂರ್ತಿ ಕತ್ತಲೆಯೇ ಬೇಕು. ಕಪ್ಪು-ಬಿಳುಪಿಗೆ ಆ ಅಗತ್ಯವೇ ಇಲ್ಲ. ಮೇಲಾಗಿ ಒಂದೊಂದು ಪ್ರಿಂಟ್ ಆದಾಗಲೂ ಡ್ರಮ್ ತೊಳೆಯಬೇಕು, ಒಳಗೆ ಒಂದು ಹನಿಯೂ ಉಳಿಯದ ಹಾಗೆ ಒರೆಸಬೇಕು. ಒರೆಸದಿದ್ದರೆ ಮುಂದಿನ ಹಾಳೆ ಒಳಗೆ ಹೋಗುವಾಗಲೇ ಅಂಟಿಕೊಳ್ಳುತ್ತದೆ, ಕಲೆಯೂ ಆಗುತ್ತದೆ. ಒಂದು ಒಳ್ಳೆ ಪ್ರಿಂಟ್ ಬರುವಷ್ಟರಲ್ಲಿ ನಾಲ್ಕೈದು ಟೆಸ್ಟ್ ಸ್ಟ್ರಿಪ್ (ಎಷ್ಟು ಬೆಳಕು ಬೇಕು ಅಂತ ನೋಡುವ ಪೇಪರ್ ತುಂಡು) ಹಾಕುವವರಿಗೆ ಇದು ಫೋಟೋ ಕೆಲಸ ಅಲ್ಲ, ಪಾತ್ರೆ ತೊಳೆಯುವ ಕೆಲಸ.

ಸ್ಲಾಟ್ ಪ್ರೊಸೆಸರ್ ವಿಷಯ ಬೇರೆ. ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ಕಿರಿದಾದ ತೊಟ್ಟಿಗಳು ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ನೋವಾ ಕಂಪನಿಯವು ಇದರಲ್ಲಿ ಹೆಸರಾದವು. ಪೇಪರಿಗೆ ಕ್ಲಿಪ್ ಹಾಕಿ ಒಂದರಿಂದ ಎತ್ತಿ ಇನ್ನೊಂದಕ್ಕೆ ಇಳಿಸುತ್ತಾ ಹೋಗುವುದು. ಮೂರು ತೊಟ್ಟಿ ಸೇರಿದರೂ ಒಂದು ಟ್ರೇಯಷ್ಟು ಜಾಗ ಸಾಕು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಗಾಳಿಗೆ ತೆರೆದುಕೊಂಡಿರುವ ಮೇಲ್ಭಾಗ ಬೆರಳಗಲ ಮಾತ್ರ, ಅದಕ್ಕೂ ಮುಚ್ಚಳ. ಡೆವಲಪರ್ ಕೆಡುವುದೇ ಗಾಳಿಯಿಂದ. ಟ್ರೇಯಲ್ಲಿ ಒಂದು ದಿನದಲ್ಲಿ ಕಂದು ಬಣ್ಣಕ್ಕೆ ತಿರುಗುವುದು ಇಲ್ಲಿ ಎಷ್ಟೋ ದಿನ ಚೆನ್ನಾಗಿರುತ್ತದೆ. ರಾತ್ರಿ ಅರ್ಧ ಗಂಟೆ ಬಿಡುವು ಸಿಕ್ಕಿತಾ, ಮುಚ್ಚಳ ತೆಗೆದು ಎರಡು ಪ್ರಿಂಟ್ ಹಾಕಿ ಮತ್ತೆ ಮುಚ್ಚಿ ಮಲಗಬಹುದು.

ಹಾಗಾದರೆ ಯಾಕೆ ಬೇಡ ಅಂದೆ? ಕೆಲವು ತಿಂಗಳು ಒಂದನ್ನು ಎರವಲು ತಂದು ಬಳಸಿದ್ದೆ. ಒಂದು ರಾತ್ರಿ ಪೇಪರ್ ಕ್ಲಿಪ್‌ನಿಂದ ಕಳಚಿ ಫಿಕ್ಸರ್ ತೊಟ್ಟಿಯ ತಳ ಸೇರಿತು. ಕೈ ಒಳಗೆ ಹೋಗುವುದಿಲ್ಲ, ಇಕ್ಕಳ ಮುಟ್ಟುವುದಿಲ್ಲ. ಕೊನೆಗೆ ಫಿಕ್ಸರ್ ಪೂರ್ತಿ ಬಸಿದು ಅದನ್ನು ತೆಗೆದೆ, ಅಷ್ಟರಲ್ಲಿ ಆವತ್ತಿನ ಕೆಲಸದ ಕಥೆ ಮುಗಿದಿತ್ತು. ಇದು ನನ್ನ ಅವಸರದ ತಪ್ಪು ಅಂತಲೇ ಇಟ್ಟುಕೊಳ್ಳಿ. ನಿಜವಾದ ಕಾರಣ ಬೇರೆ: ಹೊಸದಾಗಿ ಕಲಿಯುವವರಿಗೆ ಪ್ರಿಂಟ್ ಕಣ್ಣೆದುರಿಗೇ ಮೂಡಬೇಕು.

ಟ್ರೇಯಲ್ಲಿ ಹಾಳೆಯನ್ನು ಒಂದೇ ಸಲಕ್ಕೆ ಜಾರಿಸಿ, ಒಂದು ಮೂಲೆ ಎತ್ತಿ ಇಳಿಸುತ್ತಾ ನಿಲ್ಲಿ. ಮೊದಲು ಏನೂ ಇರುವುದಿಲ್ಲ. ಹತ್ತು ಹದಿನೈದು ಸೆಕೆಂಡಿಗೆ ಕಪ್ಪು ಮಾತ್ರ ಮೂಡುತ್ತದೆ: ಕೂದಲು, ಕಣ್ಣಿನ ಪಾಪೆ, ಬಾಗಿಲ ಸಂದಿನ ನೆರಳು. ಆಮೇಲೆ ಕೆನ್ನೆ, ಕೊನೆಗೆ ಬಿಳಿ ಅಂಗಿಯ ಮಡಿಕೆ. ಐದೇ ಸೆಕೆಂಡಿಗೆ ಎಲ್ಲ ಕಪ್ಪಾಯಿತು ಅಂದರೆ ಎನ್‌ಲಾರ್ಜರ್ ಕೆಳಗೆ ಬೆಳಕು ಜಾಸ್ತಿ ಕೊಟ್ಟಿದ್ದೀರಿ. ಹೆದರಿ ಬೇಗ ಎತ್ತಬೇಡಿ, ಎತ್ತಿದರೆ ಮಣ್ಣುಮಣ್ಣಾದ ಬೂದು ಪ್ರಿಂಟ್ ಸಿಗುತ್ತದೆ. ಪ್ಲಾಸ್ಟಿಕ್ ಲೇಪಿಸಿದ ಆರ್‌ಸಿ ಪೇಪರ್ ಆದರೆ ಒಂದರಿಂದ ಒಂದೂವರೆ ನಿಮಿಷ, ಪ್ಲಾಸ್ಟಿಕ್ ಇಲ್ಲದ ಫೈಬರ್ ಪೇಪರ್ ಆದರೆ ಎರಡು ಮೂರು ನಿಮಿಷ, ಪೂರ್ತಿ ಕೊಡಿ. ತಪ್ಪನ್ನು ಮುಂದಿನ ಹಾಳೆಯ ಎಕ್ಸ್‌ಪೋಷರ್‌ನಲ್ಲಿ ತಿದ್ದಿ.

ಇನ್ನು ಜಾಗ. ಮೂರು ಟ್ರೇ ನೆಲದ ಮೇಲೇ ಹರಡಬೇಕು ಅಂತ ಯಾರು ಹೇಳಿದ್ದು? ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಇಡುವ ಸ್ಟ್ಯಾಂಡ್ ಸಿಗುತ್ತದೆ, ಬಡಗಿ ಕೆಲಸ ಸ್ವಲ್ಪ ಗೊತ್ತಿದ್ದರೆ ಮನೆಯಲ್ಲೇ ಆಗುತ್ತದೆ. ಡೆವಲಪರ್ ಮೇಲಿರಲಿ, ಫಿಕ್ಸರ್ ಕೆಳಗೇ ಇರಲಿ. ಯಾಕೆಂದರೆ ಮೇಲಿನದು ಕೆಳಗೆ ತೊಟ್ಟಿಕ್ಕಿಯೇ ತೀರುತ್ತದೆ. ಡೆವಲಪರ್ ಹನಿ ಫಿಕ್ಸರ್‌ಗೆ ಬಿದ್ದರೆ ನಷ್ಟ ಕಮ್ಮಿ, ಫಿಕ್ಸರ್ ಹನಿ ಡೆವಲಪರ್‌ಗೆ ಬಿದ್ದರೆ ಅದು ಕೆಡುತ್ತದೆ.

ಅದಕ್ಕೂ ಜಾಗವಿಲ್ಲವಾ? ಒಂದೇ ಟ್ರೇಯಲ್ಲಿ ಮಾಡಿ. ಮೂರು ಜಗ್ಗುಗಳಲ್ಲಿ ಮೂರು ದ್ರಾವಣ ಇಟ್ಟುಕೊಂಡು, ಡೆವಲಪರ್ ಸುರಿದು, ಸಮಯ ಮುಗಿದ ಮೇಲೆ ಅದೇ ಜಗ್ಗಿಗೆ ವಾಪಸ್ ಬಸಿದು, ಸ್ಟಾಪ್ ಬಾತ್ ಸುರಿದು, ಬಸಿದು, ಫಿಕ್ಸರ್ ಸುರಿಯುವುದು. ನಿಧಾನ, ನಿಜ. ಆದರೆ ಕಣ್ಣೆದುರಿಗೇ ಆಗುತ್ತದೆ. ಮುಂದಿನ ಹಾಳೆ ಹಾಕುವ ಮೊದಲು ಟ್ರೇ ಚೆನ್ನಾಗಿ ತೊಳೆದರೆ ಮುಗಿಯಿತು. ಎಷ್ಟೇ ಇಕ್ಕಟ್ಟಾಗಿರಲಿ, ಎನ್‌ಲಾರ್ಜರ್ ಮತ್ತು ಅದರ ವೈರು ನೀರು ಸಿಡಿಯದಷ್ಟು ದೂರ ಇರಲಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ. ಬಾತ್‌ರೂಮ್ ಅಂದಿರಲ್ಲ, ಅದಕ್ಕೇ ಹೇಳಿದೆ.

ವರ್ಷವಾದ ಮೇಲೂ ವಾರಕ್ಕೆ ಮೂರು ರಾತ್ರಿ ಅರ್ಧರ್ಧ ಗಂಟೆ ಪ್ರಿಂಟ್ ಹಾಕುವ ಅಭ್ಯಾಸ ಉಳಿದಿದ್ದರೆ ಆಗ ಸ್ಲಾಟ್ ಕೊಳ್ಳಿ. ಅಷ್ಟೊತ್ತಿಗೆ ಯಾವ ಸೈಜಿನದು ಬೇಕು ಅಂತ ನಿಮಗೇ ಗೊತ್ತಾಗಿರುತ್ತದೆ.

ಪ್ರಶ್ನೆ: ಫೋಟೋ ಟ್ರೇ ಅಂತಲೇ ಮಾರುವುದನ್ನು ತಗೋಬೇಕಾ? ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿ ಆಗಲ್ವಾ?

ಉತ್ತರ: ಧಾರಾಳವಾಗಿ ಆಗುತ್ತದೆ. ಒಂದೇ ಷರತ್ತು, ಒಮ್ಮೆ ಇಲ್ಲಿಗೆ ಬಂದದ್ದು ಮತ್ತೆ ಅಡುಗೆಮನೆಗೆ ಹೋಗಬಾರದು. ಫೋಟೋ ಟ್ರೇಯ ತಳದಲ್ಲಿ ಉಬ್ಬು ಗೆರೆಗಳಿರುತ್ತವೆ, ಅದರಿಂದ ಹಾಳೆ ತಳಕ್ಕೆ ಅಂಟದೆ ಸುಲಭವಾಗಿ ಮೇಲೇಳುತ್ತದೆ. ಮೂಲೆಯಲ್ಲಿ ಸುರಿಯಲು ಮೂತಿಯೂ ಇರುತ್ತದೆ. ಡಬ್ಬಿಯಲ್ಲಿ ಇವೆರಡೂ ಇಲ್ಲ ಅನ್ನುವುದನ್ನು ಬಿಟ್ಟರೆ ದ್ರಾವಣಕ್ಕೆ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಅಲ್ಯೂಮಿನಿಯಂ ಬೇಡ, ಸತು ಲೇಪಿಸಿದ ತಗಡು ಬೇಡ, ಎನಾಮಲ್ ಎದ್ದಿರುವ ಹಳೆ ಟ್ರೇಯೂ ಬೇಡ.

ಸೈಜ್ ಮಾತ್ರ ಪೇಪರಿಗಿಂತ ಒಂದು ನಂಬರ್ ದೊಡ್ಡದಿರಲಿ. 8x10 ಹಾಳೆಗೆ ಸರಿಯಾಗಿ 8x10ರ ಟ್ರೇ ತಂದರೆ ಬೆರಳು ತೂರಿಸಲು ಸಂದಿಲ್ಲದೆ ಹಾಳೆಯ ಅಂಚು ಮುರಿಯುತ್ತೀರಿ. ಒಂದೇ ತರಹದ್ದನ್ನು ಮೂರು ತರಬೇಡಿ, ಮೂರು ಬಣ್ಣದ್ದು ತನ್ನಿ. ಸೇಫ್‌ಲೈಟ್ (ಪೇಪರ್ ಕೆಡಿಸದ ಮಂದ ದೀಪ) ಕೆಳಗೆ ಬಣ್ಣ ಸರಿಯಾಗಿ ಕಾಣದೆ ಹೋದರೂ ತಿಳಿ ಯಾವುದು ಗಾಢ ಯಾವುದು ಅಂತ ತಿಳಿಯುತ್ತದೆ. ಮುಂದಿನ ವಾರ ತೊಳೆದಿಟ್ಟ ಟ್ರೇ ತೆಗೆಯುವಾಗಲೂ ಫಿಕ್ಸರ್‌ನದು ಯಾವುದು ಅಂತ ಮೂಸಿ ನೋಡುವ ಕೆಲಸ ತಪ್ಪುತ್ತದೆ.

ಪ್ರಶ್ನೆ: ಇಕ್ಕಳ ಬೇಕಾ, ಕೈ ಹಾಕಿದರೆ ನಡೆಯುತ್ತಾ?

ಉತ್ತರ: ಇಕ್ಕಳವೇ ಬೇಕು, ಇಲ್ಲವೇ ಗ್ಲೌಸ್. ಕೆಲವು ಡೆವಲಪರ್‌ಗಳಲ್ಲಿರುವ ಮೆಟಾಲ್ ಅನ್ನುವ ರಾಸಾಯನಿಕ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಒಮ್ಮೆ ಅಲರ್ಜಿ ಶುರುವಾದರೆ ಬಿಡುವುದೂ ಇಲ್ಲ. ತುದಿಗೆ ರಬ್ಬರ್ ಇರುವ ಇಕ್ಕಳ ತಗೊಳ್ಳಿ, ಟ್ರೇಗೊಂದರಂತೆ ಮೂರು. ಡೆವಲಪರ್ ಇಕ್ಕಳ ಸ್ಟಾಪ್ ಬಾತ್‌ಗೆ ತಾಗಬಾರದು, ಮೇಲಿಂದಲೇ ಹಾಳೆ ಬಿಡಿ. ಮೊದಲ ವರ್ಷ ನಾನು ಗ್ಲೌಸ್ ಇಲ್ಲದೆ ಫಿಕ್ಸರ್‌ಗೆ ಕೈ ಹಾಕಿ, ಪ್ಯಾಂಟಿಗೆ ಒರೆಸಿಕೊಂಡು, ಅದೇ ಕೈಯಲ್ಲಿ ಹೊಸ ಹಾಳೆ ತೆಗೆದೆ. ಪ್ರಿಂಟ್‌ನ ಆಕಾಶದಲ್ಲಿ ನನ್ನ ಹೆಬ್ಬೆಟ್ಟಿನ ಗುರುತು ಬೆಳ್ಳಗೆ ಮೂಡಿತ್ತು, ಗೆರೆ ಎಣಿಸುವಷ್ಟು ಸ್ಪಷ್ಟವಾಗಿ.

ಪ್ರಶ್ನೆ: ನನ್ನ ಪ್ರಿಂಟ್‌ಗಳಲ್ಲಿ ಬಿಳಿ ಬೆಳ್ಳಗಿಲ್ಲ, ಮಂಕು. ಪೇಪರ್ ಹೊಸದು, ಡೆವಲಪರ್ ಹೊಸದು. ಕೆಂಪು ಬಣ್ಣ ಬಳಿದ ಸಾಮಾನ್ಯ ಬಲ್ಬ್ ಹಾಕಿದ್ದೇನೆ.

ಉತ್ತರ: ಕಳ್ಳ ಸಿಕ್ಕಿದ ಅಂತ ಅನ್ನಿಸುತ್ತಿದೆ, ಆದರೂ ಪರೀಕ್ಷೆ ಮಾಡಿಯೇ ನೋಡಿ. ಕಣ್ಣಿಗೆ ಕೆಂಪಾಗಿ ಕಂಡರೆ ಸಾಲದು, ಆ ಬಣ್ಣದ ಮೂಲಕ ನೀಲಿ-ಹಸಿರು ಸೋರುತ್ತಿದ್ದರೆ ಪೇಪರಿಗೆ ಅದು ಬೆಳಕೇ.

ಪೇಪರ್ ಮೇಲೆ ನಾಣ್ಯ ಇಟ್ಟು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು, ಆದರೆ ಬಹಳ ಜನ ಅದನ್ನು ಅರ್ಧ ಮಾತ್ರ ಮಾಡುತ್ತಾರೆ. ಬರೀ ಹಾಳೆ ಇಟ್ಟರೆ ಪಾಸಾಗಿಬಿಡುತ್ತದೆ. ಪೇಪರ್ ಕಪ್ಪಾಗಲು ಶುರುವಾಗಬೇಕಾದರೆ ಒಂದು ಮಟ್ಟದ ಬೆಳಕು ಬೀಳಬೇಕು. ಸೇಫ್‌ಲೈಟ್ ಒಂದೇ ಆ ಮಟ್ಟ ಮುಟ್ಟದೆ ಇರಬಹುದು, ಆದರೆ ಚಿತ್ರದ ಬೆಳಕಿನ ಜೊತೆ ಸೇರಿದಾಗ ದಾಟಿಬಿಡುತ್ತದೆ. ಹಾಗಾಗಿ ಸೇಫ್‌ಲೈಟ್ ಆರಿಸಿ, ಮೊದಲು ಎನ್‌ಲಾರ್ಜರ್‌ನಿಂದ ತಿಳಿ ಬೂದು ಬರುವಷ್ಟು ಬೆಳಕು ಕೊಡಿ. ಆಮೇಲೆ ಹಾಳೆಯನ್ನು ಟ್ರೇ ಇರುವ ಜಾಗದಲ್ಲಿಟ್ಟು, ಮೇಲೆ ನಾಣ್ಯ ಇಟ್ಟು, ಸೇಫ್‌ಲೈಟ್ ಹಾಕಿ ಐದು ನಿಮಿಷ ಬಿಡಿ. ಮತ್ತೆ ಆರಿಸಿ, ಕತ್ತಲಲ್ಲೇ ಡೆವಲಪ್ ಮಾಡಿ. ನಾಣ್ಯದ ದುಂಡು ಕಂಡರೆ ಬಲ್ಬ್ ಬದಲಿಸಿ. ಕಾಂಟ್ರಾಸ್ಟ್ ಹೆಚ್ಚುಕಮ್ಮಿ ಮಾಡಬಹುದಾದ ಮಲ್ಟಿಗ್ರೇಡ್ ಪೇಪರಿಗೆ ಅದಕ್ಕೆಂದೇ ಮಾಡಿದ ತಿಳಿ ಕಂದು ಫಿಲ್ಟರ್, 15 ವ್ಯಾಟ್ ಬಲ್ಬ್, ಪೇಪರಿನಿಂದ ಕಡೇಪಕ್ಷ 1.2 ಮೀಟರ್ ದೂರ. ಉಳಿದದ್ದನ್ನೆಲ್ಲ ಹಳೆಯದು, ಅಗ್ಗದ್ದು, ಮನೆಯಲ್ಲಿದ್ದದ್ದು ಬಳಸಿ ಅನ್ನುವವನು ನಾನು. ಸೇಫ್‌ಲೈಟ್ ಒಂದರಲ್ಲಿ ಮಾತ್ರ ಜಿಪುಣತನ ಬೇಡ.

ಪ್ರಶ್ನೆ: ಚಳಿಗಾಲದಲ್ಲಿ ಪ್ರಿಂಟ್ ಸಪ್ಪೆಯಾಗುತ್ತದೆ. ಬಿಸಿ ಮಾಡುವ ಟ್ರೇ ಕೊಳ್ಳಲಾ?

ಉತ್ತರ: ಮೊದಲು ಒಂದು ಒಳ್ಳೆ ಥರ್ಮಾಮೀಟರ್ ಕೊಳ್ಳಿ. ಡೆವಲಪರ್ 20 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ತುಂಬಾ ತಣ್ಣಗಾದರೆ ಅದರಲ್ಲಿ ಗಾಢ ಕಪ್ಪು ಕೊಡುವ ಹೈಡ್ರೋಕ್ವಿನೋನ್ ಅನ್ನುವ ರಾಸಾಯನಿಕ ಸೋಮಾರಿಯಾಗುತ್ತದೆ, ನಿಮ್ಮ ಪ್ರಿಂಟ್ ಸಪ್ಪೆಯಾಗುವುದು ಅದಕ್ಕೇ. ಡೆವಲಪರ್ ಟ್ರೇಯನ್ನು ಬೆಚ್ಚಗಿನ ನೀರಿರುವ ದೊಡ್ಡ ಟ್ರೇಯೊಳಗೆ ಕೂರಿಸಿದರೆ ಒಂದು ಸಂಜೆ ಸುಧಾರಿಸಬಹುದು. ಹೀಟರ್ ಬೇಕು ಅಂತ ಆಮೇಲೆ ಅನ್ನಿಸಿದರೆ ನೋಡೋಣ.

ಪ್ರಶ್ನೆ: ಫೈಬರ್ ಪೇಪರ್ ಶುರು ಮಾಡಿದ್ದೇನೆ. ಪ್ರಿಂಟ್ ವಾಷರ್ ಇಲ್ಲದೆ ಆಗುವುದೇ ಇಲ್ಲ ಅಂತ ಹೆದರಿಸಿದ್ದಾರೆ.

ಉತ್ತರ: ಹೆದರಿಸಿದವರು ಪ್ರಾಯಶಃ ಒಂದೇ ದಿನ ಇಪ್ಪತ್ತು ಪ್ರಿಂಟ್ ತೊಳೆಯುವವರು. ಆರ್‌ಸಿ ಪೇಪರಿನ ಎರಡೂ ಬದಿ ಪ್ಲಾಸ್ಟಿಕ್, ದ್ರಾವಣ ಒಳಗೆ ಇಳಿಯುವುದಿಲ್ಲ, ಎರಡು ನಿಮಿಷ ಹರಿಯುವ ನೀರಲ್ಲಿ ಹಿಡಿದರೆ ಸಾಕು. ಫೈಬರ್ ಹಾಗಲ್ಲ, ಬಟ್ಟೆಯ ಹಾಗೆ ಹೀರಿಕೊಳ್ಳುತ್ತದೆ. ಬರೀ ನೀರಲ್ಲಾದರೆ ಗಂಟೆಗಟ್ಟಲೆ ಬೇಕು. ತೆಗೆಯಬೇಕಾದದ್ದು ಫಿಕ್ಸರ್‌ನಲ್ಲಿರುವ, ನಾವೆಲ್ಲ ಹೈಪೋ ಅನ್ನುವ ಥಯೋಸಲ್ಫೇಟ್. ಬೆಳ್ಳಿಯ ಲವಣಗಳನ್ನು ಇದು ಕರಗಿಸುತ್ತದೆ ಅಂತ ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದರು, ಫೋಟೋಗೆ ಬಳಸಿದ್ದು 1839ರಲ್ಲಿ. ರಸಾಯನಶಾಸ್ತ್ರದವರು ಆಮೇಲೆ ಅದರ ಹೆಸರು ಬದಲಿಸಿದರು, ನಾವು ಬಿಡಲಿಲ್ಲ. ಅದು ಪೇಪರಿನಲ್ಲಿ ಉಳಿದರೆ ವರ್ಷಗಳು ಕಳೆದ ಹಾಗೆ ಪ್ರಿಂಟ್ ಹಳದಿಯಾಗುತ್ತದೆ.

ತೊಳೆಯುವ ಕೆಲಸವನ್ನು ಅರ್ಧ ಮಾಡುವುದು ಫಿಕ್ಸರ್ ಹಂತದಲ್ಲೇ ಇದೆ. ರ‍್ಯಾಪಿಡ್ ಫಿಕ್ಸರ್ 1+4 ಪ್ರಮಾಣದಲ್ಲಿ (ಒಂದು ಭಾಗ ಫಿಕ್ಸರ್‌ಗೆ ನಾಲ್ಕು ಭಾಗ ನೀರು), ಒಂದೇ ನಿಮಿಷ. ಹೊತ್ತು ಜಾಸ್ತಿಯಾದಷ್ಟೂ ಹೈಪೋ ಒಳಗಿಳಿಯುತ್ತದೆ. ಆಮೇಲೆ ಐದು ನಿಮಿಷ ನೀರು, ಹತ್ತು ನಿಮಿಷ ವಾಷ್ ಏಡ್ (ಹೈಪೋ ಬೇಗ ಬಿಡಿಸುವ ದ್ರಾವಣ), ಮತ್ತೆ ಐದು ನಿಮಿಷ ನೀರು. ವಾಷ್ ಏಡ್ ಸಿಗದಿದ್ದರೆ ಲೀಟರ್ ನೀರಿಗೆ 20 ಗ್ರಾಂ ಸೋಡಿಯಂ ಸಲ್ಫೈಟ್ ಹಾಕಿ, ಆಗ ಕೊನೆಯ ನೀರಿನ ಸಮಯ ಸ್ವಲ್ಪ ಜಾಸ್ತಿ ಮಾಡಿ. ನೀರು ಬದಲಾಗುತ್ತಿರಬೇಕು, ಪ್ರಿಂಟ್‌ಗಳು ಒಂದಕ್ಕೊಂದು ಅಂಟಬಾರದು, ಇವೆರಡೇ ಮುಖ್ಯ. ನಲ್ಲಿಗೆ ಸಿಕ್ಕಿಸಿ ಟ್ರೇ ಅಂಚಿಗೆ ತೂಗುಹಾಕುವ ಸೈಫನ್ ಒಂದಿದ್ದರೆ ಎರಡು ಮೂರು ಪ್ರಿಂಟ್‌ಗೆ ಸಾಕು. ವಾಷರ್ ಮಾಡುವುದೂ ಇಷ್ಟೇ, ಗೋಡೆಗಳನ್ನು ಹಾಕಿ ಪ್ರಿಂಟ್‌ಗಳನ್ನು ಬೇರೆಬೇರೆ ನಿಲ್ಲಿಸುತ್ತದೆ.

ಪ್ರಶ್ನೆ: ಒಣಗಿಸಿದ ಫೈಬರ್ ಪ್ರಿಂಟ್ ಹಪ್ಪಳದ ಹಾಗೆ ಸುರುಳಿಯಾಗುತ್ತದೆ. ಬಿಸಿ ಡ್ರೈಯರ್ ತಗೊಂಡರೆ ಸರಿಹೋಗುತ್ತಾ?

ಉತ್ತರ: ತಗೋಬೇಡಿ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಡ್ರೈಯರ್ ಅಂತೂ ಬೇಡವೇ ಬೇಡ. ಅದರ ಬಟ್ಟೆಯಲ್ಲಿ ಹಿಂದಿನವರ ಹೈಪೋ ಎಷ್ಟು ಸೇರಿದೆಯೋ, ಚೆನ್ನಾಗಿ ತೊಳೆದ ನಿಮ್ಮ ಪ್ರಿಂಟ್‌ಗೆ ಅದು ಮತ್ತೆ ಮೆತ್ತಿಕೊಳ್ಳುತ್ತದೆ. ಸೊಳ್ಳೆ ಪರದೆಗೆ ಹಾಕುವ ಫೈಬರ್‌ಗ್ಲಾಸ್ ಜಾಲರಿಯನ್ನು ಚೌಕಟ್ಟಿಗೆ ಬಿಗಿದು, ಪ್ರಿಂಟನ್ನು ಒರೆಸಿ, ಮುಖ ಕೆಳಗೆ ಮಾಡಿ ಮಲಗಿಸಿ. ಬೆಳಗಾಗುವಷ್ಟರಲ್ಲಿ ಒಣಗಿ ಸ್ವಲ್ಪ ಅಲೆಅಲೆಯಾಗಿರುತ್ತದೆ. ಶುಭ್ರವಾದ ಹಾಳೆಗಳ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ಒಂದು ವಾರ ಮರೆತುಬಿಡಿ. ಆರ್‌ಸಿ ಪ್ರಿಂಟ್ ಆದರೆ ಈ ರಗಳೆಯೇ ಇಲ್ಲ, ಬಟ್ಟೆ ಕ್ಲಿಪ್ ಸಾಕು.