ಅಪ್ಪನ ಊರು, ಮಕ್ಕಳ ರಜೆ

(ಹೆಸರು, ವಯಸ್ಸು, ಕೆಲವು ವಿವರ ಬದಲಿಸಿದ್ದೇನೆ. ಹಳ್ಳಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಬರೆಯಲು ಕುಟುಂಬದ ಒಪ್ಪಿಗೆ ಇದೆ.)

ಮೆಲ್ಬರ್ನ್‌ನಲ್ಲಿ ಆಪ್ತಸಲಹೆ ಮಾಡುವವರ ಹತ್ತಿರ ಗ್ರೀಕ್ ಮೂಲದವರು ಬರುವುದು ಹೊಸದಲ್ಲ. ಈ ಊರಲ್ಲಿ ಅವರ ಚರ್ಚು, ಬೇಕರಿ, ಶನಿವಾರದ ಭಾಷಾ ಶಾಲೆ ಎಲ್ಲ ಇದೆ. ಆದರೆ ರಜೆಗೆ ಹೋಗಿ ಬಂದು, ಆ ರಜೆಯ ದೆಸೆಯಿಂದಲೇ ಗಂಡ ಹೆಂಡತಿ ನನ್ನ ಬಾಗಿಲು ತಟ್ಟಿದ್ದು ಅದೇ ಮೊದಲು.

ನಿಕೋ ಅವರಿಗೆ 47. ಹೆಂಡತಿ ಕ್ಲೇರ್ ಐರಿಷ್ ಮೂಲದವರು. ಮಗಳಿಗೆ 15, ಮಗನಿಗೆ 9. ಕೂತ ತಕ್ಷಣ ನಿಕೋ ಹೇಳಿದ್ದು: "ನನ್ನ ಮಕ್ಕಳು ನನ್ನ ಮಾನ ಕಳೆದರು." ಕ್ಲೇರ್ ಕಿಟಕಿಯ ಕಡೆ ನೋಡುತ್ತಿದ್ದರು.

ನಿಕೋ ಅವರ ಅಪ್ಪ 1964ರಲ್ಲಿ, 19ನೇ ವಯಸ್ಸಿಗೆ, ಗ್ರೀಸಿನ ದಕ್ಷಿಣ ಭಾಗವಾದ ಪೆಲೊಪೊನೀಸ್‌ನ ಒಂದು ಬೆಟ್ಟದ ಹಳ್ಳಿ ಬಿಟ್ಟು ಪಿರೇಯಸ್ ಬಂದರಿನಲ್ಲಿ ಹಡಗು ಹತ್ತಿದವರು. 1952ರಲ್ಲಿ ಗ್ರೀಸ್ ಮತ್ತು ಆಸ್ಟ್ರೇಲಿಯಾ ನಡುವೆ ವಲಸೆ ಒಪ್ಪಂದ ಆದಮೇಲೆ ಹಾಗೆ ಹೊರಟವರು ಬಹಳ ಜನ. ಹಡಗಿನ ಹೆಸರು 'ಪಾತ್ರಿಸ್'. ಗ್ರೀಕಿನಲ್ಲಿ ತಾಯ್ನಾಡು ಅಂತ ಅರ್ಥ. ತಾಯ್ನಾಡು ಬಿಡಿಸಿ ಕರೆತಂದ ಹಡಗಿಗೆ ಇಟ್ಟ ಹೆಸರು ಅದು! ಅಪ್ಪ ಕಾರ್ಖಾನೆಯಲ್ಲಿ ದುಡಿದರು, ಮನೆ ಕಟ್ಟಿದರು, ಊರಿನ ಕತೆಯನ್ನು ದಿನಾ ಹೇಳಿದರು. ಒಮ್ಮೆಯೂ ವಾಪಸ್ ಹೋಗಲಿಲ್ಲ. ಅವರು ತೀರಿಕೊಂಡ ಮರುವರ್ಷವೇ ನಿಕೋ ಟಿಕೆಟ್ ತೆಗೆದರು.

ಆಗಸ್ಟ್ ತಿಂಗಳು, ನಾಲ್ಕು ವಾರ, ಪೂರ್ತಿ ಹಳ್ಳಿಯಲ್ಲೇ. ಆಗಸ್ಟ್ 15 ಯೇಸುವಿನ ತಾಯಿ ಮರಿಯಮ್ಮನವರ ಹಬ್ಬ. ಚಳಿಗಾಲದಲ್ಲಿ ನಾಲ್ಕು ಮುದುಕರು ಇರುವ ಹಳ್ಳಿಗಳು ಆಗ ಜನರಿಂದ ತುಂಬಿಹೋಗುತ್ತವೆ. ಆದರೆ ಇಲ್ಲಿ ಮೆಲ್ಬರ್ನ್‌ನಲ್ಲಿ ಮಕ್ಕಳಿಗೆ ಅದು ಶಾಲೆಯ ಕಾಲ. ಮಗಳು ಪರೀಕ್ಷೆ ಬಿಟ್ಟು ಬಂದಿದ್ದಳು.

ಎರಡನೇ ದಿನವೇ ಕಫೆನಿಯೊದಲ್ಲಿ, ಅಂದರೆ ಊರಿನ ಕಾಫಿ ಅಂಗಡಿಯಲ್ಲಿ, ನಿಕೋ ತನ್ನ 'ಕಾರೊ' ಹೊರಗೆ ನಿಂತಿದೆ ಅಂದರು. ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಮೆಲ್ಬರ್ನ್ ಗ್ರೀಕರ ಬಾಯಲ್ಲಿ ಕಾರೊ ಅಂದರೆ ಕಾರು. ಗ್ರೀಸಿನಲ್ಲಿ ಅದು ಕುದುರೆ, ಕತ್ತೆ ಎಳೆಯುವ ಗಾಡಿ. ನಗು ಕೆಟ್ಟದ್ದೇನಲ್ಲ, ಪ್ರೀತಿಯದ್ದೇ. ಆದರೆ ಅವತ್ತಿನಿಂದ ಇವರು 'ಆಸ್ಟ್ರೇಲಿಯಾದವನು' ಆದರು. ಮೆಲ್ಬರ್ನ್‌ನಲ್ಲಿ ಜನ್ಮವಿಡೀ ಗ್ರೀಕ್ ಅನಿಸಿಕೊಂಡವರಿಗೆ ಅದು ಹೇಗಾಗಿರಬೇಡ?

ಆ ಸಿಟ್ಟು ಮಕ್ಕಳ ಮೇಲೆ ಇಳಿಯಿತು. ಹಬ್ಬದ ರಾತ್ರಿ ಕ್ಲಾರಿನೆಟ್ ಶುರುವಾಗಿ ಎಲ್ಲರೂ ಕೈ ಕೈ ಹಿಡಿದು ಸುತ್ತು ಕುಣಿತಕ್ಕೆ ನಿಂತಾಗ ಮಗಳು ಎದ್ದೇಳಲಿಲ್ಲ. ನಿಕೋ ಎಲ್ಲರೆದುರು ಗದರಿದರು. ಮಗಳು ಆಮೇಲೆ ಅಪ್ಪನ ಜೊತೆ ಮಾತೇ ಬಿಟ್ಟಳು. ವಾಪಸ್ ಅಥೆನ್ಸ್‌ಗೆ ಬರುವ ದಾರಿಯಲ್ಲಿ ಕೊರಿಂಥ್ ಕಾಲುವೆ ಸಿಗುತ್ತದೆ. 1893ರಲ್ಲಿ ಬಂಡೆ ಸೀಳಿ ಮುಗಿಸಿದ್ದು, ಉದ್ದ ಆರು ಕಿಲೋಮೀಟರಿಗೂ ಜಾಸ್ತಿ. ನಿಕೋ ಕಾರು ನಿಲ್ಲಿಸಿದರು. ಯಾರೂ ಇಳಿಯಲಿಲ್ಲ. ಒಬ್ಬರೇ ಸೇತುವೆ ಮೇಲೆ ಹೋಗಿ ನೋಡಿ ಬಂದರು.

ಮೂರನೇ ಭೇಟಿಯಲ್ಲಿ ಕೇಳಿದೆ: "ಅವತ್ತು ಮಗಳು ಕುಣಿಯಲಿಲ್ಲ ಅಂತ ಯಾರಿಗೆ ಬೇಜಾರಾಯಿತು?"

"ಊರವರಿಗೆ."

"ಊರವರು ಹಾಗಂದರಾ?"

ತುಂಬಾ ಹೊತ್ತು ಸುಮ್ಮನಿದ್ದರು. ಜೇಬಿನಲ್ಲಿ ಅಪ್ಪನ ಕೊಂಬೊಲೊಯಿ ಇತ್ತು, ಗಂಡಸರು ಬೆರಳಲ್ಲಿ ಆಡಿಸುವ ಮಣಿಸರ. ಅದನ್ನು ತೆಗೆದು ಮೇಜಿನ ಮೇಲಿಟ್ಟರು. "ಇಲ್ಲ. ಯಾರೂ ಏನೂ ಅನ್ನಲಿಲ್ಲ."

ನನಗೆ ಕಂಡದ್ದು ಇಷ್ಟು. ಅಪ್ಪನ ಸಾವಿಗೆ ಇವರು ಅತ್ತಿರಲಿಲ್ಲ. ಅದರ ಬದಲು ನಾಲ್ಕು ಜನರ ಟಿಕೆಟ್ ತೆಗೆದಿದ್ದರು. ಅಪ್ಪ ಬಿಟ್ಟು ಬಂದ 1964ರ ಹಳ್ಳಿ ಈಗ ಅಲ್ಲಿಲ್ಲ. ಇಲ್ಲದ ಊರನ್ನು ಮಕ್ಕಳಿಗೆ ಇಷ್ಟ ಆಗುವಂತೆ ಮಾಡಲು ಹೋಗಿ ಸೋತಿದ್ದರು. ಇದನ್ನು ನೇರವಾಗಿಯೇ ಹೇಳಿದೆ. ಕ್ಲೇರ್ ಅತ್ತರು, ನಿಕೋ ಅಳಲಿಲ್ಲ.

ಆದರೂ ಮತ್ತೆ ಹೋಗಬೇಕು ಅಂದರು ನಿಕೋ. ಹೋಗಿ, ಆದರೆ ಬೇರೆ ಥರ ಹೋಗಿ ಅಂದೆ. ಆಗಸ್ಟ್ ಬಿಡಿ, ಇಲ್ಲಿ ಸೆಪ್ಟೆಂಬರ್ ಕೊನೆಗೆ ಎರಡು ವಾರ ಶಾಲೆಗೆ ರಜೆ ಇದೆ. ಅಲ್ಲಿ ಸೆಖೆ ಇಳಿದಿರುತ್ತದೆ, ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ. ಹಳ್ಳಿಗೆ ನಾಲ್ಕೇ ದಿನ, ಉಳಿದದ್ದು ಕಲಮಾತಾ ಪಟ್ಟಣದ ಕಡಲ ಹತ್ತಿರ, ಮಕ್ಕಳ ಇಷ್ಟದಂತೆ. ಆ ನಾಲ್ಕರಲ್ಲಿ ಒಂದು ದಿನ ನಿಕೋ ಒಬ್ಬರೇ ಸ್ಮಶಾನಕ್ಕೆ ಹೋಗಿ ತಮ್ಮ ಅಜ್ಜಿಯ ಸಮಾಧಿ ಹತ್ತಿರ ಕೂರಬೇಕು, ಎಷ್ಟು ಹೊತ್ತು ಬೇಕೋ ಅಷ್ಟು. ಅಲ್ಲಿಂದ ಒಂದು ಹಿಡಿ ಮಣ್ಣು ತಂದು ಇಲ್ಲಿ ಅಪ್ಪನ ಸಮಾಧಿಗೆ ಹಾಕುವ ಆಸೆ ಅವರಿಗೆ. ಇಲ್ಲಿನ ವಿಮಾನ ನಿಲ್ದಾಣದಲ್ಲಿ ಮಣ್ಣು ಬಿಡುವುದಿಲ್ಲ, ಸುಮ್ನೆ ದಂಡ ಕಟ್ಟಬೇಡಿ ಅಂದೆ. ಬದಲಿಗೆ ಕೊಂಬೊಲೊಯಿಯನ್ನೇ ತೆಗೆದುಕೊಂಡು ಹೋಗಬಹುದಲ್ವಾ?

ಮನೆಯ ವಿಷಯವನ್ನು ರಜೆಯಲ್ಲಿ ಎತ್ತಲೇಬಾರದು ಅಂತ ಗಟ್ಟಿಯಾಗಿ ಹೇಳಿದೆ. ಅಜ್ಜನ ಮನೆಯಲ್ಲಿ ಆರು ಜನ ಒಡಹುಟ್ಟಿದವರಿಗೆ ಪಾಲು, ಇನ್ನೂ ವಿಭಾಗ ಆಗಿಲ್ಲ, ಬೀಗ ಚಿಕ್ಕಪ್ಪನ ಹತ್ತಿರ. ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ಈ ಕತೆ ಬಿಡಿಸಿ ಹೇಳಬೇಕಿಲ್ಲ. ಮಗನ ಹೆಸರನ್ನು ಅಲ್ಲಿನ ಪೌರತ್ವದ ದಾಖಲೆಗೆ ಸೇರಿಸುವ ಯೋಚನೆಯೂ ಇತ್ತು. ಗ್ರೀಸಿನಲ್ಲಿ ಗಂಡಸರಿಗೆ ಕಡ್ಡಾಯ ಸೇನಾ ಸೇವೆ ಇದೆ, ಮೊದಲು ದೂತಾವಾಸದಲ್ಲಿ ವಿಚಾರಿಸಿ ಅಂದೆ.

ಇನ್ನೊಂದು ಸಣ್ಣ ಮಾತು. ಹಳ್ಳಿಯಲ್ಲಿ ಮುದುಕಿಯರು ಮಕ್ಕಳನ್ನು ಕಂಡರೆ 'ತೀನೋಸ್ ಈಸೆ?' ಅನ್ನುತ್ತಾರೆ. ನೀನು ಯಾರ ಪೈಕಿ? ನಮ್ಮಲ್ಲಿ ಕೇಳುವ ಹಾಗೇನೇ. ಹೋದ ಸಲ ಮಗಳು ಇದಕ್ಕೇ ಹೆದರಿದ್ದಳು. ಅರ್ಧ ಊರಿಗೆ ಒಂದೇ ಮನೆತನದ ಹೆಸರು, ಅದನ್ನು ಹೇಳಿದರೆ ಗುರುತು ಸಿಗುವುದಿಲ್ಲ. ಊರಲ್ಲಿ ಮನೆಗೆ ಒಂದು ಅಡ್ಡಹೆಸರು ಇರುತ್ತದೆ, ಅದನ್ನು ಮಗಳು ನಿಕೋ ಅವರ ಅಮ್ಮನ ಹತ್ತಿರ ಕೇಳಿಕೊಂಡು ಹೋಗಲಿ ಅಂದೆ. ಕುಣಿತದ ಮಾತೇ ಬೇಡ.

ನವೆಂಬರ್‌ನಲ್ಲಿ ನಿಕೋ ಒಬ್ಬರೇ ಬಂದರು. ಮಗಳು ಅಡ್ಡಹೆಸರು ಹೇಳಿದ್ದಕ್ಕೆ ಒಬ್ಬ ಅಜ್ಜಿ ಅವಳ ಕೆನ್ನೆ ಹಿಂಡಿ ಒಂದು ಬುಟ್ಟಿ ಅಂಜೂರ ಕೊಟ್ಟಿದ್ದಾರೆ. ಅವಳಿಗೆ ಅಂಜೂರ ಇಷ್ಟ ಇಲ್ಲ, ಅಷ್ಟನ್ನೂ ಕ್ಲೇರ್ ತಿಂದರಂತೆ. ಸ್ಮಶಾನದಲ್ಲಿ ಎಣ್ಣೆ ದೀಪ ಹಚ್ಚಿ ಕೂತಾಗ ಅಳು ಬಂದು ನಿಲ್ಲಲೇ ಇಲ್ಲ ಅಂದರು. ಚಿಕ್ಕಪ್ಪ ಈ ಸಲವೂ ಮನೆಯ ಬೀಗ ತೆಗೆಯಲಿಲ್ಲ, ಇವರು ಕೇಳಲೂ ಇಲ್ಲ. ಮಗ ಮಾತ್ರ ಊರಿನ ಬಗ್ಗೆ ಒಂದೇ ವಿಷಯ ಹೇಳುತ್ತಾನಂತೆ: ಆಲಿವ್ ತೋಟದಲ್ಲಿ ಸಿಕ್ಕ ಆಮೆ.

"ನಿಮ್ಮ ಅಪ್ಪನ ಬಗ್ಗೆ ಏನೂ ಕೇಳಲ್ವಾ ಅವನು?" ಅಂದೆ.

"ಕೇಳಿದ. ತಾತನ ಕಾಲದಲ್ಲೂ ಆ ಆಮೆ ಇತ್ತಾ ಅಂತ."