ಏನೂ ತೊಂದರೆ ಇಲ್ಲದವರಿಗೆ ಯಾಕೆ ಈ ಪರೀಕ್ಷೆ?

ಗರ್ಭಕೊರಳಿನ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ಬಗ್ಗೆ ಮಂಡ್ಯ, ಮೈಸೂರು ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳಿಗೆ ಸ್ತ್ರೀರೋಗ ತಜ್ಞೆಯ ಉತ್ತರ

ಪ್ರಶ್ನೆ: ನನಗೆ 38 ವರ್ಷ. ಹದಿನೇಳಕ್ಕೇ ಮದುವೆಯಾಯ್ತು, ಮೂರು ಮಕ್ಕಳು, ಆಪರೇಷನ್ನೂ ಆಗಿದೆ. ನಮ್ಮೂರಿನ ಆಶಾ ಕಾರ್ಯಕರ್ತೆ ‘ಪಿಎಚ್‌ಸಿಯಲ್ಲಿ ಗರ್ಭಕೋಶದ ಬಾಯಿ ಪರೀಕ್ಷೆ ಮಾಡ್ತಾರೆ, ಬನ್ನಿ’ ಅಂತ ಮನೆಗೆ ಬಂದು ಕರೆದರು. ನನಗೆ ಏನೂ ತೊಂದರೆ ಇಲ್ಲ. ‘ಇಲ್ಲದ ಕಾಯಿಲೆ ಯಾಕೆ ಹುಡುಕಿಸ್ಕೊಳ್ತೀಯ’ ಅಂತಾರೆ ಅತ್ತೆ. ಡಾಕ್ಟರಲ್ಲ, ಸಿಸ್ಟರ್ ನೋಡ್ತಾರಂತೆ. ಹೋಗಬೇಕಾ?
— ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಹೋಗಿ. ಏನೂ ತೊಂದರೆ ಇಲ್ಲದಿರುವಾಗ ಮಾಡಿಸಿದರೇ ಈ ಪರೀಕ್ಷೆಯಿಂದ ಹೆಚ್ಚು ಲಾಭ.

ಈ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ಎಂಬ ವೈರಸ್. ಗಂಡ-ಹೆಂಡಿರ ಸಂಪರ್ಕದಿಂದ ಬರುತ್ತದೆ, ಸಂಸಾರ ಮಾಡಿದ ಬಹುಪಾಲು ಜನರಿಗೆ ಒಂದಲ್ಲ ಒಂದು ಸಲ ತಗಲಿಯೇ ಇರುತ್ತದೆ. ಹೆಚ್ಚಿನವರಲ್ಲಿ ವರ್ಷ ಎರಡು ವರ್ಷದಲ್ಲಿ ದೇಹವೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಅಲ್ಲೇ ಉಳಿದು, ಗರ್ಭಕೊರಳಿನ ಜೀವಕೋಶಗಳನ್ನು ನಿಧಾನವಾಗಿ ಕೆಡಿಸುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಷ್ಟೂ ವರ್ಷ ನೋವಿಲ್ಲ, ರಕ್ತವಿಲ್ಲ. ಗದ್ದೆ ಕೆಲಸ, ಕೊಟ್ಟಿಗೆ ಕೆಲಸ ಎಲ್ಲ ಎಂದಿನಂತೆ ನಡೆದಿರುತ್ತದೆ. ಆ ಹಂತದಲ್ಲಿ ಸಿಕ್ಕಿಬಿದ್ದರೆ ಆ ಜಾಗವನ್ನಷ್ಟೇ ಸುಟ್ಟು ತೆಗೆಯಬಹುದು. ಗರ್ಭಕೋಶವೂ ಉಳಿಯುತ್ತದೆ, ಅದೇ ದಿನ ಮನೆಗೂ ಹೋಗಬಹುದು. ರಕ್ತ ಕಂಡ ಮೇಲೆ ಬಂದರೆ ಎಷ್ಟೋ ಸಲ ವಾರಗಟ್ಟಲೆ ರೇಡಿಯೇಷನ್ ಬೇಕಾಗುತ್ತದೆ. ನಿಮ್ಮ ಅತ್ತೆಗೆ ಹೇಳಿ: ಇಲ್ಲದ ಕಾಯಿಲೆಯನ್ನು ಯಾರೂ ಹುಡುಕುತ್ತಿಲ್ಲ, ಕಾಯಿಲೆ ಆಗುವ ಮುಂಚೆಯೇ ಹಿಡಿಯಲು ನೋಡುತ್ತಿದ್ದಾರೆ.

ಅಲ್ಲಿ ಏನು ಮಾಡುತ್ತಾರೆ? ಪರದೆಯ ಹಿಂದೆ ಮೇಜಿನ ಮೇಲೆ ಮಂಡಿ ಮಡಚಿ ಮಲಗಿಸುತ್ತಾರೆ. ಬಟ್ಟೆ ಪೂರ್ತಿ ಬಿಚ್ಚಬೇಕಿಲ್ಲ. ಸೀರೆ ಉಟ್ಟು ಹೋದರೆ ಮೇಲೆ ಸರಿಸಿಕೊಂಡರಾಯಿತು. ಸ್ಪೆಕ್ಯುಲಮ್ ಎಂಬ ಸಾಧನ ಹಾಕಿ ದೀಪದ ಬೆಳಕಿನಲ್ಲಿ ಗರ್ಭಕೊರಳನ್ನು ನೋಡುತ್ತಾರೆ. ನೀರು ಬೆರೆಸಿದ ಅಸಿಟಿಕ್ ಆಮ್ಲದಲ್ಲಿ, ಅಂದರೆ ವಿನೆಗರ್‌ನಲ್ಲಿರುವ ಹುಳಿಯಲ್ಲಿ, ಹತ್ತಿ ಅದ್ದಿ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶಗಳಿದ್ದರೆ ಆ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ. ವಿಐಎ ಅನ್ನುವುದು ಇದಕ್ಕೇ. ಸ್ವಲ್ಪ ಚುರುಗುಟ್ಟಬಹುದು, ಅಷ್ಟೇ. ಬಿಗಿ ಹಿಡಿದು ಮಲಗಿದರೆ ಮಾತ್ರ ನೋವು. ಉಸಿರು ಬಿಡುತ್ತಾ ಸೊಂಟ ಸಡಿಲ ಬಿಡಿ. ಮುಟ್ಟಿನ ದಿನಗಳಲ್ಲಿ ಬೇಡ. ಎರಡು ದಿನ ಮೊದಲಿಂದ ಸಂಪರ್ಕ ಬೇಡ, ಒಳಗೆ ಇಡುವ ಔಷಧಿಯೂ ಬೇಡ. ಹೋಗುವ ಮುಂಚೆ ಮೂತ್ರ ಮಾಡಿ ಹೋಗಿ.

ಸಿಸ್ಟರ್ ನೋಡುತ್ತಾರೆ ಅನ್ನೋ ಅನುಮಾನ ಬೇಡ. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ನಡೆಸಿದ ದೊಡ್ಡ ಅಧ್ಯಯನದಲ್ಲಿ ಇದೇ ಪರೀಕ್ಷೆ ಮಾಡಿದವರು ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು. ಈ ಕ್ಯಾನ್ಸರಿನ ಸಾವು ಅಲ್ಲಿ 31 ಶೇಕಡಾ ಕಡಿಮೆಯಾಯಿತು. ಆತುರಾತುರವಾಗಿ ಇಣುಕಿ ನೋಡುವ ತಜ್ಞರಿಗಿಂತ ಆ ಒಂದು ನಿಮಿಷ ತಾಳ್ಮೆಯಿಂದ ಕಾಯುವ ಸಿಸ್ಟರ್ ಮೇಲು ಅನ್ನೋದು ನನ್ನ ಅಭಿಪ್ರಾಯ.

ಬೆಳ್ಳಗೆ ಕಂಡಿತು ಅಂದ ಮಾತ್ರಕ್ಕೆ ಕ್ಯಾನ್ಸರ್ ಅಂತ ಅರ್ಥವಲ್ಲ. ಸೋಂಕು, ಊತ ಇದ್ದರೂ ಹಾಗೆ ಕಾಣುವುದುಂಟು. ಆಗ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಚೀಟಿ ಬರೆದುಕೊಡಬಹುದು. ಆ ಚೀಟಿ ಹಿಡಿದು ನಿಜವಾಗಿಯೂ ಹೋಗುವುದು ಮುಖ್ಯ. ಶಿಬಿರದಲ್ಲಿ ‘ಪಾಸಿಟಿವ್’ ಬಂದು, ಕಬ್ಬು ಕಡಿದ ಮೇಲೆ ಹೋಗೋಣ, ಹಬ್ಬ ಮುಗಿಯಲಿ ಎಂದು ಮುಂದೂಡಿದರೆ ಪರೀಕ್ಷೆ ಮಾಡಿಸಿದ್ದೂ ವ್ಯರ್ಥ. ಏನೂ ಕಾಣದಿದ್ದರೆ ಐದು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು. 30ರಿಂದ 65 ವಯಸ್ಸಿನ ಎಲ್ಲ ಹೆಣ್ಣುಮಕ್ಕಳಿಗೂ ಇದು ಆಗಬೇಕೆಂಬುದು ಸರ್ಕಾರದ ಮಾರ್ಗಸೂಚಿ. ಆಗಿರುವುದು ಎಷ್ಟು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಹೊಸದಾಗಿ ಬರುತ್ತಿರುವ ಕಾಯಿಲೆ ಇದು.

ನಿಮ್ಮ ವಿಷಯದಲ್ಲಿ ಇನ್ನೆರಡು ಮಾತು. ಹದಿನೇಳಕ್ಕೇ ಮದುವೆಯಾದದ್ದು ಅಪಾಯವನ್ನು ಒಂದಿಷ್ಟು ಹೆಚ್ಚಿಸುತ್ತದೆ. ಆ ವಯಸ್ಸಿನಲ್ಲಿ ಗರ್ಭಕೊರಳಿನ ಪದರ ಇನ್ನೂ ಬಲಿತಿರುವುದಿಲ್ಲ, ವೈರಸ್ಸಿಗೆ ಬೇಗ ಈಡಾಗುತ್ತದೆ. ಹೆರಿಗೆಗಳು ಹೆಚ್ಚಾದಷ್ಟೂ ಅಪಾಯ ಏರುತ್ತದೆ. ಮತ್ತೆ, ಸಂತಾನಹರಣ ಆಪರೇಷನ್ ಆಗಿದೆ, ಇನ್ನು ಒಳಗಿನ ಚಿಂತೆ ಇಲ್ಲ ಅಂದುಕೊಂಡವರು ಬಹಳ. ಆ ಆಪರೇಷನ್ನಿಗೂ ಈ ಕಾಯಿಲೆಗೂ ಸಂಬಂಧವೇ ಇಲ್ಲ.

ಪ್ರಶ್ನೆ: ಎಚ್‌ಪಿವಿ ಪರೀಕ್ಷೆಯಲ್ಲಿ ಪಾಸಿಟಿವ್ ಬಂದಿದೆ. ನನಗೆ 34. ಇದು ಸಂಪರ್ಕದಿಂದ ಬರೋದು ಅಂತ ತಿಳಿದ ಮೇಲೆ ಯಜಮಾನರು ಮಾತೇ ಬಿಟ್ಟಿದ್ದಾರೆ. ನನಗೆ ಕ್ಯಾನ್ಸರ್ ಬಂದುಬಿಟ್ಟಿದೆಯಾ?
— ಓದುಗರು, ಮೈಸೂರು ತಾಲ್ಲೂಕು

ಉತ್ತರ: ಇಲ್ಲ. ನಿಮ್ಮ ದೇಹದಲ್ಲಿ ಈಗ ವೈರಸ್ ಇದೆ ಅನ್ನುವುದನ್ನಷ್ಟೇ ಆ ವರದಿ ಹೇಳುತ್ತದೆ. ಜೀವಕೋಶ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಮುಂದಿನ ಪರೀಕ್ಷೆ ಆಗಬೇಕು: ವಿಐಎ, ಇಲ್ಲವೇ ಗರ್ಭಕೊರಳನ್ನು ದೊಡ್ಡದಾಗಿ ತೋರಿಸುವ ಕಾಲ್ಪೋಸ್ಕೋಪಿ. ಅಲ್ಲಿ ಏನೂ ಕಾಣದಿದ್ದರೆ ಸಾಮಾನ್ಯವಾಗಿ ಒಂದು ವರ್ಷ ಬಿಟ್ಟು ಮತ್ತೆ ಮಾಡಿಸಲು ಹೇಳುತ್ತಾರೆ, ಅಷ್ಟರಲ್ಲಿ ಎಷ್ಟೋ ಜನರಿಗೆ ವೈರಸ್ ತಾನಾಗಿ ಹೋಗಿರುತ್ತದೆ. ಕೆಟ್ಟ ಜಾಗ ಕಂಡರೆ ಥರ್ಮಲ್ ಅಬ್ಲೇಷನ್ ಮಾಡುತ್ತಾರೆ. ಸುಮಾರು 100 ಡಿಗ್ರಿಗೆ ಕಾಯಿಸಿದ ಸಣ್ಣ ಸಾಧನವನ್ನು ಅರ್ಧ ನಿಮಿಷದಷ್ಟು ಹೊತ್ತು ಆ ಜಾಗಕ್ಕೆ ಒತ್ತಿ ಹಿಡಿಯುತ್ತಾರೆ. ಆಮೇಲೆ ಕೆಲವು ವಾರ ನೀರು ನೀರಾಗಿ ಹೋಗುತ್ತದೆ, ಹೆದರಬೇಡಿ. ಒಂದು ತಿಂಗಳು ಸಂಪರ್ಕ ಬೇಡ.

ಇನ್ನು ಯಜಮಾನರ ವಿಷಯ. ಈ ಪತ್ರವನ್ನು ಅವರಿಗೂ ತೋರಿಸಿ. ಈ ವೈರಸ್ ವರ್ಷಗಟ್ಟಲೆ ಸುಮ್ಮನಿದ್ದು ಈಗ ಪರೀಕ್ಷೆಯಲ್ಲಿ ಕಾಣಬಹುದು. ಯಾರಿಂದ ಯಾರಿಗೆ, ಯಾವಾಗ ಬಂತು ಎಂದು ಯಾವ ಲ್ಯಾಬೂ ಹೇಳಲಾರದು. ಗಂಡಸರಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ. ಇಷ್ಟು ಸಾಮಾನ್ಯವಾದ ವೈರಸ್ಸನ್ನು ಹಿಡಿದುಕೊಂಡು ಹೆಂಡತಿಯ ನಡತೆ ಅಳೆಯುವುದು ತಪ್ಪು. ಅದಕ್ಕಿಂತ ನಿಮ್ಮನ್ನು ಮುಂದಿನ ಪರೀಕ್ಷೆಗೆ ಬೈಕಿನಲ್ಲಿ ಕೂರಿಸಿಕೊಂಡು ಕರೆದುಕೊಂಡು ಹೋಗಲಿ.

ನಿಮ್ಮ ಗೆಳತಿಯರಿಗೆ ಒಂದು ಮಾತು ತಿಳಿಸಿ: ಎಚ್‌ಪಿವಿ ಪರೀಕ್ಷೆಯ ಮಾದರಿಯನ್ನು ಹೆಂಗಸರು ತಾವೇ, ಬಾಗಿಲು ಹಾಕಿಕೊಂಡು, ಸಣ್ಣ ಬ್ರಷ್‌ನಲ್ಲಿ ತೆಗೆದುಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿರುವ ವಿಧಾನ ಇದು. ಮೇಜಿನ ಮೇಲೆ ಮಲಗಲು ನಾಚುವವರಿಗೆ ಒಳ್ಳೆಯ ದಾರಿ. ಎಲ್ಲ ಕಡೆ ಸಿಗದು, ದುಬಾರಿಯೂ ಹೌದು.

ಪ್ರಶ್ನೆ: ಹೊಗೆಸೊಪ್ಪು ಒಣಗಿಸೋ ಬ್ಯಾರನ್ನಿನಲ್ಲಿ ಸೊಪ್ಪು ಪೋಣಿಸೋ ಕೆಲಸ ನನ್ನದು. ಎಲೆಅಡಿಕೆ ಜೊತೆ ಹೊಗೆಸೊಪ್ಪೂ ಹಾಕ್ತೀನಿ. ಅದರಿಂದ ಈ ಕ್ಯಾನ್ಸರ್ ಬರುತ್ತಾ?
— ಓದುಗರು, ಹುಣಸೂರು ತಾಲ್ಲೂಕು

ಉತ್ತರ: ಸೊಪ್ಪು ಮುಟ್ಟುವುದರಿಂದ ಈ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರ ಇಲ್ಲ. ಒದ್ದೆ ಸೊಪ್ಪಿನಿಂದ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದು ತಲೆಸುತ್ತು, ವಾಂತಿ ಆಗುತ್ತದೆ, ಅದಕ್ಕೆ ಕೈಗವಸು ಹಾಕಿಕೊಳ್ಳಿ. ಬಾಯಿಗೆ ಹಾಕುವುದು ಬೇರೆ ಮಾತು. ತಂಬಾಕಿನ ವಿಷ ರಕ್ತದಲ್ಲಿ ಗರ್ಭಕೊರಳಿಗೂ ತಲುಪುತ್ತದೆ, ವೈರಸ್ಸನ್ನು ಹೊರಹಾಕುವ ಶಕ್ತಿ ಕುಗ್ಗುತ್ತದೆ. ಬಾಯಿ ಕ್ಯಾನ್ಸರಿಗಂತೂ ಅದು ನೇರ ದಾರಿ. ವಿಐಎ ಮಾಡಿಸಲು ಹೋದ ದಿನ ಬಾಯಿಯನ್ನೂ ಸ್ತನವನ್ನೂ ತೋರಿಸಿಕೊಂಡೇ ಬನ್ನಿ. ಮೂರನ್ನೂ ನೋಡುವುದು ಅವರ ಕೆಲಸವೇ.

ಪ್ರಶ್ನೆ: ಮಗಳಿಗೆ 13. ಎಚ್‌ಪಿವಿ ಲಸಿಕೆ ಹಾಕಿಸಿದರೆ ಮುಂದೆ ಮಕ್ಕಳಾಗಲ್ಲ ಅಂತಾರಲ್ಲ?
— ಓದುಗರು, ಮದ್ದೂರು

ಉತ್ತರ: ಶುದ್ಧ ಸುಳ್ಳು. ಹಾಕಿಸಿ. ವೈರಸ್ ತಗಲುವ ಮುಂಚೆ, 9ರಿಂದ 14ರೊಳಗೆ ಹಾಕಿಸಿದರೆ ಹೆಚ್ಚು ಫಲ. ಖಾಸಗಿಯಲ್ಲಿ ಆ ವಯಸ್ಸಿಗೆ ಸಾಮಾನ್ಯವಾಗಿ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಕೊಡುತ್ತಾರೆ. ಒಂದೇ ಡೋಸ್ ಸಿಕ್ಕರೂ ರಕ್ಷಣೆ ಚೆನ್ನಾಗಿಯೇ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಪುಣೆಯ ಸೀರಮ್ ಇನ್ಸ್‌ಟಿಟ್ಯೂಟ್‌ನ ಸರ್ವಾವ್ಯಾಕ್ ನಮ್ಮಲ್ಲೇ ತಯಾರಾದದ್ದು. ಲಸಿಕೆ ಆದವರೂ 30 ದಾಟಿದ ಮೇಲೆ ಪರೀಕ್ಷೆ ಮಾಡಿಸಬೇಕು.

ಪ್ರಶ್ನೆ: ಅಮ್ಮನಿಗೆ 56. ಮುಟ್ಟು ನಿಂತು ಆರು ವರ್ಷ. ಎರಡು ತಿಂಗಳಿಂದ ಆಗಾಗ ರಕ್ತದ ಕಲೆ ಕಾಣ್ತಿದೆ, ವಾಸನೆಯ ಬಿಳುಪೂ ಹೋಗುತ್ತೆ. ಊರಿನ ಕ್ಲಿನಿಕ್ಕಿನಲ್ಲಿ ಮಾತ್ರೆ ಕೊಟ್ಟರು, ಕಮ್ಮಿಯಾಗಲಿಲ್ಲ. ಮುಂದಿನ ಶಿಬಿರದಲ್ಲಿ ವಿಐಎ ಮಾಡಿಸಲಾ?
— ಓದುಗರು, ಮೈಸೂರು (ಊರು ನಂಜನಗೂಡು ತಾಲ್ಲೂಕು)

ಉತ್ತರ: ಶಿಬಿರಕ್ಕೆ ಕಾಯಬೇಡಿ. ಈ ವಾರವೇ ಕರೆದುಕೊಂಡು ಹೋಗಿ. ಮುಟ್ಟು ನಿಂತವರಲ್ಲಿ ಒಂದು ಹನಿ ರಕ್ತ ಕಂಡರೂ ಕಾರಣ ಹುಡುಕಲೇಬೇಕು. ಗರ್ಭಕೊರಳೇ ಆಗಿರಬೇಕಿಲ್ಲ, ಗರ್ಭಕೋಶದ ಒಳಪದರದ ಕಾಯಿಲೆ ಇರಬಹುದು, ಬರೀ ಒಣಗಿದ ಪದರದ ತೊಂದರೆಯೂ ಇರಬಹುದು. ವಿಐಎ ಇಲ್ಲಿ ಪ್ರಯೋಜನಕ್ಕೆ ಬಾರದು: ಮುಟ್ಟು ನಿಂತ ಮೇಲೆ ನೋಡಬೇಕಾದ ಜಾಗ ಒಳಕ್ಕೆ ಸರಿದಿರುತ್ತದೆ, ‘ಏನೂ ಇಲ್ಲ’ ಎಂದು ಬಂದರೂ ನಂಬುವಂತಿಲ್ಲ. ಸ್ಪೆಕ್ಯುಲಮ್ ಹಾಕಿ ನೋಡಬೇಕು, ಸ್ಕ್ಯಾನಿಂಗ್ ಆಗಬೇಕು, ಅನುಮಾನ ಬಂದ ಕಡೆಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು.

ಮಾತ್ರೆ ಕೊಟ್ಟವರು ಒಳಗೆ ನೋಡಿದ್ದರಾ ಎಂದು ಅಮ್ಮನನ್ನು ಕೇಳಿ. ನೋಡಿರಲಾರರು. ಬಿಳಿ ಸೆರಗು ಅಂದ ಕೂಡಲೇ ನೋಡದೆಯೇ ಮಾತ್ರೆಯ ಪಟ್ಟಿ ಕೈಗಿಡುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಬೇರೂರಿದೆ. ಎರಡು ಮೂರು ಸುತ್ತು ಮಾತ್ರೆಯಲ್ಲೇ ಆರು ತಿಂಗಳು ಕಳೆದುಹೋಗುತ್ತದೆ. ‘ಒಳಗೆ ನೋಡಿ ಹೇಳಿ ಡಾಕ್ಟ್ರೇ’ ಎಂದು ಬಾಯಿಬಿಟ್ಟು ಕೇಳುವುದರಲ್ಲಿ ತಪ್ಪಿಲ್ಲ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದೇ ಬಂದರೂ ಗರ್ಭಕೋಶ ತೆಗೆಸಿಬಿಡೋಣ ಎಂದು ಸಿಕ್ಕ ನರ್ಸಿಂಗ್ ಹೋಮಿಗೆ ಓಡಬೇಡಿ. ಎಷ್ಟು ಹರಡಿದೆ ಎಂದು ತಿಳಿಯದೆ ಮಾಡಿದ ಆಪರೇಷನ್ ಮುಂದಿನ ಚಿಕಿತ್ಸೆಯನ್ನೇ ಕೆಡಿಸುತ್ತದೆ. ಕ್ಯಾನ್ಸರ್ ತಜ್ಞರಿರುವ ಕಡೆ, ಮೈಸೂರಿನಲ್ಲಾಗಲಿ ಬೆಂಗಳೂರಿನ ಕಿದ್ವಾಯಿಯಲ್ಲಾಗಲಿ, ತೋರಿಸಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಅಮ್ಮನ ರೇಷನ್ ಕಾರ್ಡು, ಆಧಾರ್, ಈಗಾಗಲೇ ನುಂಗಿದ ಮಾತ್ರೆಗಳ ಚೀಟಿ ಎಲ್ಲ ಒಂದು ಕವರಿಗೆ ಹಾಕಿಕೊಂಡು, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಬೇರೆಡೆಗೆ ಹೋಗಬೇಕಾಗಿ ಬಂದರೆ ಶಿಫಾರಸು ಪತ್ರವನ್ನು ಅಲ್ಲಿಂದಲೇ ಪಡೆಯಿರಿ.